ಬಡಮಕ್ಕಳ ಮಿತ್ರನಾದ ಫ್ರಾಂಕೆ

ಔಗುಸ್ತ್ ಹೆರ್ಮನ್ ಫ್ರಾಂಕೆ ಎಂಬಾತನು 1663ನೆಯ ಇಸವಿಯಲ್ಲಿ ಜರ್ಮನಿ ದೇಶದ ಲ್ಯೂಬೆಕ್ ಪಟ್ಟಣದಲ್ಲಿ ಹುಟ್ಟಿದನು. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳಕೊಂಡುದರಿಂದ ತಬ್ಬಲಿಗಳ ಸಂಕಟವು ಆತನಿಗೆ ಚೆನ್ನಾಗಿ ತಿಳಿದಿತ್ತು. 1692ರಲ್ಲಿ ಆತನು ಹಾಲೆ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಉಪಾಧ್ಯಾಯನೂ ಪಟ್ಟಣದ ಹೊರಗಣ ಗ್ಲೌಖ ಎಂಬ ಊರಿನಲ್ಲಿ ಸಭಾಪಾಲಕನೂ ಆದನು. ಹತ್ತು ವರುಷಗಳ ಹಿಂದೆ ಮಹಾಮಾರಿಯು ಆ ಊರನ್ನು ಹಾಳುಮಾಡಿತ್ತು. ಬಡತನವೂ ಕುಡಿತವೂ ಅಲ್ಲಿ ಬೇರೂರಿದ್ದವು.

ಗುರುವಾರಗಳಲ್ಲಿ ಬಡವರು ಭಿಕ್ಷೆಗಾಗಿ ಪಾಲಕನ ಬಾಗಲಿಗೆ ಬರುತ್ತಿದ್ದರು. ಆತನು ಅವರಿಗೆ ರೊಟ್ಟಿಯನ್ನು ಕೊಟ್ಟು, ಕೂಡ್ರಿಸಿ, ಮಕ್ಕಳನ್ನು ಪ್ರಶ್ನೆಮಾಡಿದಾಗ ಅವರಿಗೆ ದೇವರ ವಿಷಯವಾಗಲಿ ಅಕ್ಷರವಾಗಲಿ ತಿಳಿಯದೆ ಇರುವದನ್ನು ಕಂಡು ಬಹಳವಾಗಿ ನೊಂದನು. ಶಾಲೆಯ ಸಂಬಳ ಕೊಡಲು ಶಕ್ತಿಯಿಲ್ಲದವರಿಗೆ ತಾನೇ ವಾರವಾರ ಹಣ ಕೊಟ್ಟನು. ಆದರೆ ಹಣವನ್ನು ತಪ್ಪದೆ ತೆಗೆದುಕೊಂಡವರಲ್ಲಿ ಕೆಲವರು ಮಕ್ಕಳನ್ನು ಶಾಲೆಗೆ ಕಳುಹಿಸಲೇ ಇಲ್ಲ.

ಫ್ರಾಂಕೆಯು ಎದೆಗುಂದದೆ ತನ್ನ ಮನೆಯಲ್ಲಿ ಒಂದು ಧರ್ಮಪೆಟ್ಟಿಗೆಯನ್ನು ಇಟ್ಟನು. 1695ರ ಪುನರುತ್ಥಾನ ಹಬ್ಬದ ಕಾಲದಲ್ಲಿ ಯಾರೋ ಒಬ್ಬರು ಅದರಲ್ಲಿ 4 ತಾಲರ್ 16 ಗ್ರೋಶನ್ ಹಾಕಿದರು. ಅದು ದೊಡ್ಡ ಮೊತ್ತವಲ್ಲ. ಆದರೂ ಆ ದಿನವೇ ಆತನು ಬಡಮಕ್ಕಳಿಗೆ ಶಾಲೆ ತೆರೆಯಲು ನಿಶ್ಚಯಿಸಿದನು. 2 ತಾಲರುಗಳಿಗೆ ಪುಸ್ತಕಗಳನ್ನು ಕೊಂಡು, ದಿನಕ್ಕೆ ಎರಡು ತಾಸು ಕಲಿಸುವದಕ್ಕೆ ಬಡ ವಿದ್ಯಾರ್ಥಿಯೊಬ್ಬನನ್ನು ವಾರಕ್ಕೆ 6 ಗ್ರೋಶನಿನಂತೆ ನೇಮಿಸಿದನು. ಮಕ್ಕಳು ಮನೆಗೆ ಒಯ್ದ 27 ಪುಸ್ತಕಗಳಲ್ಲಿ ತಿರಿಗಿ ಬಂದವು ನಾಲ್ಕು ಮಾತ್ರವೇ. ಆತನು ಶಾಲೆಯನ್ನು ಮುಚ್ಚಲಿಲ್ಲ. ಬೇರೆ ಪುಸ್ತಕಗಳನ್ನು ಕೊಂಡು, ಪಾಠ ಮುಗಿದ ಮೇಲೆ ಅವುಗಳನ್ನು ಶಾಲೆಯಲ್ಲಿಯೇ ಬಿಟ್ಟುಹೋಗುವಂತೆ ಕಟ್ಟಳೆ ಮಾಡಿದನು.

ಆ ವರುಷದಲ್ಲಿಯೇ ಬೇರೊಬ್ಬರು 500 ತಾಲರುಗಳನ್ನು ದಾನಮಾಡಿದರು. ಅದರ ಬಡ್ಡಿಯಿಂದ ಒಬ್ಬ ತಬ್ಬಲಿಯನ್ನು ಸಾಕಬಹುದಾಗಿತ್ತು. ಒಂದು ಮಗುವನ್ನು ಹುಡುಕಲಾಗಿ ನಾಲ್ವರು ಒಡಹುಟ್ಟಿದವರು ಸಿಕ್ಕಿದರು; ಅವರನ್ನು ಅಗಲಿಸಲು ಮನಸ್ಸಿಲ್ಲದೆ ಆತನು ನಾಲ್ವರನ್ನೂ ಅಂಗೀಕರಿಸಿದನು. 1698ರಲ್ಲಿ ಅನಾಥಶಾಲೆಗೆ ಅಸ್ತಿವಾರವು ಹಾಕಲ್ಪಟ್ಟಿತು. ಬಡ ವಿದ್ಯಾರ್ಥಿಗಳಿಗೆ ಅಲ್ಲಿ ಊಟ ದೊರೆಯಿತು. ಅವರು ಪ್ರತಿಯಾಗಿ ಮಕ್ಕಳಿಗೆ ಕಲಿಸಿದರು. ಔಷಧದಂಗಡಿ, ಪುಸ್ತಕದಂಗಡಿ, ಛಾಪಖಾನೆಗಳ ಆದಾಯವು ದಾನಗಳೊಂದಿಗೆ ಕೂಡಿ ವೆಚ್ಚಕ್ಕೆ ಒದಗಿತು.

ನಮ್ಮ ದೇಶವೂ ಆ ಮನೆಗೆ ಋಣಿಯಾಗಿದೆ. ಹಾಲೆಯಲ್ಲಿ ಕಲಿತ ಸೀಗೆನ್‌ಬಾಲ್ಗನು 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ಮರುವರುಷವೇ ಶಾಲೆಗಳನ್ನು ತೆರೆದನು. ಹೆಣ್ಣುಮಕ್ಕಳಿಗೂ ಅಲ್ಲಿ ಸ್ಥಳವಿತ್ತು. ಫ್ರಾಂಕೆಯು ಅಲ್ಲಿಂದ ಬಂದ ಪತ್ರಗಳನ್ನು ಅಚ್ಚುಹಾಕಿಸಿ, ಜರ್ಮನಿಯ ಸಭೆಗಳಿಂದ ಸಹಾಯಧನವನ್ನು ಕೂಡಿಸಿ ಕಳುಹಿಸಿದನು.

1727ರ ಜೂನ್ 8ರಂದು ಫ್ರಾಂಕೆಯು ಪ್ರಭುವಿನಲ್ಲಿ ನಿದ್ರೆಹೋದನು. ಆಗ ಆತನ ಶಾಲೆಗಳಲ್ಲಿ 2,000ಕ್ಕಿಂತ ಹೆಚ್ಚು ಮಕ್ಕಳು ಓದುತ್ತಿದ್ದರು. ಆ ಸ್ಥಳದಲ್ಲಿ ಇಂದಿಗೂ ಶಾಲೆಗಳು ನಡೆಯುತ್ತಿವೆ.

ಪ್ರಿಯ ಸಭೆಯವರೇ, ಈತನ ಜೀವಿತವನ್ನು ಓದುವಾಗ ಪೆಟ್ಟಿಗೆಯಲ್ಲಿ ಕಾಸು ಹಾಕಿದ ಕೈಯನ್ನು ಮಾತ್ರ ನೆನಸಬೇಡಿರಿ; ಶಾಲೆಯ ಸಂಬಳದ ಹಣವನ್ನು ತಕ್ಕೊಂಡು ಮಗುವನ್ನು ಮನೆಯಲ್ಲಿಯೇ ನಿಲ್ಲಿಸಿಕೊಂಡ ತಂದೆತಾಯಿಗಳನ್ನೂ ನೆನಸಿರಿ. ದಾನವು ಬಾಗಲ ತನಕ ಬರಬಹುದು. ಮಗುವನ್ನು ದಿನದಿನವೂ ಶಾಲೆಗೆ ಕಳುಹಿಸುವ ಕೆಲಸವು ನಮ್ಮದೇ.