ಯತಿರಾಜರೂ ಮೇಲುಕೋಟೆಯೂ

ಮಠವೊಂದರ ಸುತ್ತಲೂ ಊರು ಬೆಳೆಯುವದು ಅಪೂರ್ವವಾದ ಸಂಗತಿಯಲ್ಲ. ಜರ್ಮನಿ ದೇಶದಲ್ಲಿ ಅಂಥ ಊರುಗಳು ಅನೇಕವಾಗಿವೆ. ಅಲ್ಲಿಯ ಮ್ಯೂನಿಕ್ ಎಂಬ ದೊಡ್ಡ ಪಟ್ಟಣದ ಹೆಸರೇ ಸನ್ಯಾಸಿಗಳಿಂದ ಬಂದದ್ದು. ನಮ್ಮ ಸೀಮೆಯಲ್ಲಿ ಇದಕ್ಕೆ ದೃಷ್ಟಾಂತ ಬೇಕಾದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ನೋಡಬಹುದು. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ಈ ಕಡೆಗಳಿಂದ ವೈರಮುಡಿ ಜಾತ್ರೆಗೆ ಹೋಗುವ ಜನರನ್ನು ನಾವೆಲ್ಲರೂ ಕಂಡಿದ್ದೇವೆ. ಯತಿರಾಜರೆಂದು ಹೆಸರಾಗಿ ಆ ಊರಿಗೆ ಕೀರ್ತಿಯನ್ನು ತಂದ ರಾಮಾನುಜಾಚಾರ್ಯರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಸಂಪ್ರದಾಯದ ಪ್ರಕಾರ ಇವರು 1017ನೆಯ ಇಸವಿಯಲ್ಲಿ ತಮಿಳು ಸೀಮೆಯ ಶ್ರೀಪೆರುಂಬೂದೂರಿನಲ್ಲಿ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಕಾಂಚೀಪುರದಲ್ಲಿ ಯಾದವಪ್ರಕಾಶರ ಬಳಿ ವೇದಾಂತವನ್ನು ಓದುತ್ತಿರುವಾಗ, ಅರ್ಥ ಹೇಳುವದರಲ್ಲಿ ಗುರುವಿಗೂ ಶಿಷ್ಯನಿಗೂ ಭೇದ ಹುಟ್ಟಿತು. ಆ ಊರಿನಲ್ಲಿ ತಿರುಕಚ್ಚಿನಂಬಿ ಎಂಬ ಭಕ್ತರಿದ್ದರು, ಅವರು ಬ್ರಾಹ್ಮಣರಲ್ಲ. ರಾಮಾನುಜರು ಅವರನ್ನು ಗುರುವೆಂದೆಣಿಸಿ ಊಟಕ್ಕೆ ಕರೆಯಲಾಗಿ, ಇವರ ಹೆಂಡತಿಯು ಅತಿಥಿ ಉಂಡ ಸ್ಥಳವನ್ನು ಶುದ್ಧಿಮಾಡಿ, ಸ್ನಾನಮಾಡಿ, ಬೇರೆ ಅಡಿಗೆಯನ್ನು ಮಾಡಿದಳೆಂದು ಹೇಳುವರು. ಇದರಿಂದ ರಾಮಾನುಜರ ಮನಸ್ಸು ಬಹಳವಾಗಿ ನೊಂದಿತು. ತರುವಾಯ ಅವರು ಸಂಸಾರವನ್ನು ಬಿಟ್ಟು ಸನ್ಯಾಸಿಯಾಗಿ ಶ್ರೀರಂಗಕ್ಕೆ ಹೋದರು. ಒಬ್ಬ ಗುರುವು ಇವರನ್ನು 18 ಸಾರಿ ಅಲೆಸಿ, ಯಾರಿಗೂ ತಿಳಿಸಕೂಡದೆಂದು ಕಟ್ಟುಮಾಡಿ ಮಂತ್ರದ ಅರ್ಥವನ್ನು ಉಪದೇಶಿಸಿದನು. ಅನೇಕರಿಗೆ ಒಳ್ಳೆಯದಾಗುವದಾದರೆ ತಾವೊಬ್ಬರು ನರಕಕ್ಕೆ ಹೋದರೂ ಚಿಂತೆಯಿಲ್ಲವೆಂದು, ಇವರು ಗುಡಿಯ ಮೇಲೆ ಹತ್ತಿ ಅದನ್ನು ಎಲ್ಲರಿಗೂ ಸಾರಿದರಂತೆ.

ಆಮೇಲೆ ಚೋಳರಾಜನ ಹಿಂಸೆಗೆ ತಪ್ಪಿಸಿಕೊಂಡು ಇವರು ಹೊಯ್ಸಳರ ರಾಜ್ಯಕ್ಕೆ ಬಂದರು. ಪ್ರಿಯಶಿಷ್ಯನಾದ ಕೂರೇಶನು ಗುರುವಿಗೋಸ್ಕರ ಕಣ್ಣುಗಳನ್ನು ಕಳಕೊಂಡನು. ತೊಣ್ಣೂರಿನಲ್ಲಿ ದೊರೆ ಬಿಟ್ಟಿದೇವನು ಇವರಿಗೆ ಶಿಷ್ಯನಾಗಿ ವಿಷ್ಣುವರ್ಧನನೆಂದು ಹೆಸರು ಪಡೆದನೆಂಬದು ಪ್ರಸಿದ್ಧವಾದ ಮಾತು. ರಾಣಿ ಶಾಂತಲೆಯು ಜೈನಳಾಗಿಯೇ ಉಳಿದಳು. ಅಲ್ಲಿಂದ ರಾಮಾನುಜರು ಮೇಲುಕೋಟೆಗೆ ಬಂದು ಗುಡಿಯನ್ನು ಏರ್ಪಡಿಸಿದರು. ಅಲ್ಲಿ ಯತಿರಾಜ ಮಠವೂ ನೆಲೆಗೊಂಡಿತು. ಅವರು ಸುಮಾರು 12 ವರುಷ ಈ ಸೀಮೆಯಲ್ಲಿದ್ದು, ಗುಡಿಯ ಕಾರ್ಯವನ್ನು 52 ಮಂದಿ ಶಿಷ್ಯರಿಗೆ ಒಪ್ಪಿಸಿ, ಶ್ರೀರಂಗಕ್ಕೆ ಹಿಂತಿರುಗಿ 1137ರಲ್ಲಿ ತೀರಿಹೋದರು. ಪೂಜಾರಿಗಳೂ ಪಂಡಿತರೂ ಯಾತ್ರಿಕರೂ ಸೇರಿ ಬೆಟ್ಟದ ಮೇಲೆ ಊರು ಬೆಳೆಯಿತು.

ಗುಡಿಯ ಉತ್ಸವಮೂರ್ತಿಯನ್ನು ಡೆಲ್ಲಿಯ ಬಾದಷಹನಿಂದ ತರುವಾಗ ದಾರಿಯಲ್ಲಿ ಕಳ್ಳರು ಬೀಳಲು, ಹೊಲೆಯರೆನ್ನಿಸಿಕೊಂಡವರು ಕಾಪಾಡಿದರೆಂದು ಸ್ಥಳಪುರಾಣವು ಹೇಳುತ್ತದೆ. ಆ ಕಾಲದಲ್ಲಿ ಡೆಲ್ಲಿಯಲ್ಲಿ ಬಾದಷಹರು ಇರಲಿಲ್ಲವಾದದರಿಂದ ಚರಿತ್ರಕಾರರು ಇದನ್ನು ಒಪ್ಪುವದಿಲ್ಲ. ಆದರೂ ಅದರಿಂದ ಹುಟ್ಟಿದ ವಾಡಿಕೆಯು ಬಹುಕಾಲ ನಡೆಯಿತು. ರಾಮಾನುಜರು ಅವರಿಗೆ ಪವಿತ್ರಕುಲವೆಂಬ ಅರ್ಥದಲ್ಲಿ ತಿರುಕುಲದವರೆಂದು ಹೆಸರಿಟ್ಟು, ವರುಷಕ್ಕೆ ಮೂರು ದಿನ ಗುಡಿಯೊಳಗೆ ಬರುವ ಹಕ್ಕನ್ನು ಕೊಟ್ಟರೆಂದು ನಂಬಿಕೆ. ಬೇರೆ ಅನೇಕ ಕಡೆಗಳಲ್ಲಿ ಬಾಗಲು ತೆರೆಯದಿದ್ದಾಗ ಇದು ದೊಡ್ಡ ಕಾರ್ಯವೇ ಸರಿ. ಆದರೆ ಉಳಿದ 362 ದಿನ ಅದೇ ಬಾಗಲು ಅದೇ ಜನರಿಗೆ ಮುಚ್ಚಿತ್ತು. ಗುರುವು ಇಟ್ಟ ಮೊದಲನೆಯ ಹೆಜ್ಜೆಯ ಮುಂದೆ ಎರಡನೆಯದನ್ನು ಇಡುವವರು ನೂರಾರು ವರುಷ ಹುಟ್ಟಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು.

ಆ ಬಾಗಲ ಹೊರಗೆ ನಿಂತವರಲ್ಲಿ ನಮ್ಮಲ್ಲಿ ಅನೇಕರ ಪೂರ್ವಿಕರೂ ಇದ್ದರು. ಆದಕಾರಣ ಈ ಚರಿತ್ರೆಯನ್ನು ಓದಿ ಇತರರನ್ನು ದೂಷಿಸುವದು ನಮಗೆ ಸುಲಭ. ಆದರೆ ಪಂಕ್ತಿಯಲ್ಲಿ ಕೂಡ್ರುವಾಗಲೂ ಮದುವೆ ಗೊತ್ತುಮಾಡುವಾಗಲೂ ನಾವು ಹಳೆಯ ಕುಲವನ್ನು ವಿಚಾರಿಸುವದಾದರೆ, ಕಾಂಚೀಪುರದ ಆ ಅಡಿಗೆಮನೆಯು ನಮ್ಮ ಮನೆಗಳಲ್ಲಿಯೂ ಇದೆಯೆಂದು ತಿಳಿಯತಕ್ಕದ್ದು.