ಗೆರೆಯನ್ನು ನಂಬಿದ ಕಣ್ಣು

ನಮ್ಮ ದೇಶದ ಯಂತ್ರೋದ್ಯಮಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಒಬ್ಬರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಾರರಾಗಬೇಕೆಂದು ಹೊರಟವರು. 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳ ಭೇದವು ತಮ್ಮ ಕಣ್ಣಿಗೆ ತಿಳಿಯದೆಂಬುದು ಅಲ್ಲಿ ಗೊತ್ತಾಯಿತು. ಕುಂಚವನ್ನು ಕೆಳಗಿರಿಸಿದರೇ ಹೊರತು ಕಲಿಕೆಯನ್ನು ಬಿಡಲಿಲ್ಲ. ಗೆರೆ ಮತ್ತು ಅಳತೆಗಳೇ ಸರ್ವಸ್ವವಾದ ಯಂತ್ರಚಿತ್ರಣವನ್ನು ಅಭ್ಯಸಿಸಿ, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಬೋಧಿಸಿದರು.

1888ರಲ್ಲಿ ಬೆಳಗಾವಿಯಲ್ಲಿ ಸಹೋದರರ ಸೈಕಲ್ ಅಂಗಡಿ ಆರಂಭವಾಯಿತು. ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ಲಕ್ಷ್ಮಣರಾಯರು ನೌಕರಿಯನ್ನು ತೊರೆದು ಊರಿಗೆ ಮರಳಿದರು. ಮೊದಲು ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು ಅವರ ಕೈಯಿಂದ ಹೊರಬಂದವು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದ್ದ ಕಾಲವದು. ಮೊದಲ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದವು.

ಈ ಅಂಜಿಕೆಯ ಹಿಂದೆ ಇನ್ನೊಂದು ಪ್ರಶ್ನೆಯೂ ಅಡಗಿತ್ತೆನ್ನಬಹುದು. ಗೋಕಾಕ, ಮೂಡಲಗಿಗಳ ಎರೆಭೂಮಿಯಲ್ಲಿ ಮರದ ನೇಗಿಲು ಮುರಿದರೆ ಊರ ಬಡಿಗನೇ ಅದಕ್ಕೆ ಹೊಂದುವಂತೆ ಕೆತ್ತಿಕೊಡುವನು. ಆದರೆ ಕಾರ್ಖಾನೆಯ ನೇಗಿಲಿನ ಕುಳ ಸವೆದರೆ ದೂರದಿಂದ ತರಿಸಿದ ಹೊಸ ಕುಳವು ಹಳೆಯದರ ಸ್ಥಾನದಲ್ಲಿ ತಪ್ಪದೆ ಕೂಡಬೇಕು. ಬೋಲ್ಟಿನ ತೂತು ಎಳ್ಳಷ್ಟು ಸರಿದರೂ ಎತ್ತುಗಳು ಕೊಟ್ಟಿಗೆಯಲ್ಲಿಯೇ ನಿಲ್ಲುವುವು; ಭೂಮಿಯ ಹದವಾದರೋ ಯಾರಿಗಾಗಿಯೂ ಕಾಯದು. ಆದುದರಿಂದ ಅಳತೆಯೆಂಬುದು ಕಾರ್ಖಾನೆಯು ರೈತನಿಗೆ ಕೊಟ್ಟ ಮಾತು.

ಬೆಳಗಾವಿಯಲ್ಲಿದ್ದ ಸ್ಥಳವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ನೆಲವನ್ನಿತ್ತು ನೆರವಾದರು. 1910ರಲ್ಲಿ, ಪಾಪಾಸುಕಳ್ಳಿ ಬೆಳೆದ ಬಂಜರಿನಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಮರದ ನೇಗಿಲಿನ ನಾಡಿನಲ್ಲಿ ಯಂತ್ರಗಳ ಊರೊಂದನ್ನೇ ಕಟ್ಟಿದ ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಯ 1969ರಲ್ಲಿ ಸರಕಾರವು ಅಂಚೆಚೀಟಿಯನ್ನು ಹೊರತಂದಿತು.

ಇಂದು ಅದೇ ಜಿಲ್ಲೆಯ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಇಂತಹ ಸೂಕ್ಷ್ಮ ಭಾಗಗಳನ್ನು ಅಳೆಯಲು ಜಗತ್ತಿನಾದ್ಯಂತ ಲೇಸರ್ ಹಾಗೂ ಕ್ಯಾಮೆರಾಗಳು ಬಳಕೆಗೆ ಬಂದಿವೆ. ಲೇಸರಿನ ಬೆಳಕಿನ ಗೆರೆಯು ವಸ್ತುವಿನ ಮೇಲೆ ಬೀಳುವುದು. ಓರೆಯಲ್ಲಿರುವ ಕ್ಯಾಮೆರಾ ಆ ಗೆರೆ ಎಲ್ಲಿ ಬಾಗಿತು, ಎಷ್ಟು ಸರಿಯಿತು ಎಂಬುದನ್ನು ನೋಡಿ, ತ್ರಿಕೋನಮಿತಿಯಿಂದ ಉಬ್ಬುತಗ್ಗುಗಳನ್ನು ಕೂದಲೆಳೆಗಿಂತಲೂ ನವಿರಾಗಿ ಎಣಿಸುವುದು. ಆ ಕ್ಯಾಮೆರಾಕ್ಕೆ ಬಣ್ಣದ ಗೊಡವೆಯಿಲ್ಲ, ಗೆರೆಯೊಂದೇ ಸಾಕು. ಬಣ್ಣ ಕೈಕೊಟ್ಟಾಗ ಲಕ್ಷ್ಮಣರಾಯರು ನೆಚ್ಚಿದ್ದೂ ಅದನ್ನೇ.