‘ಪಿ’ ಜೀವಸತ್ವದ ಪಾಠ

ಹೆಚ್ಚಿಟ್ಟ ಬದನೆಕಾಯಿ ಗಾಳಿ ಸೋಕಿದರೆ ಕಪ್ಪಾಗುತ್ತದೆ. ಕತ್ತರಿಸಿಟ್ಟ ನಿಂಬೆಹಣ್ಣು ಹಾಗೆ ಕಪ್ಪಾಗುವುದಿಲ್ಲ. ಅಡುಗೆಮನೆಯಲ್ಲಿ ದಿನವೂ ಕಾಣುವ ಇಂತಹ ವ್ಯತ್ಯಾಸದ ಕಾರಣವನ್ನು ಬೆನ್ನುಹತ್ತಿ ನೊಬೆಲ್ ಪ್ರಶಸ್ತಿಯವರೆಗೆ ನಡೆದವರು ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ. ಹಸಿರು ಚಹಾದ ಸಾರ, ಅರಿಸಿನದ ಮಾತ್ರೆಗಳು ಕ್ಯಾನ್ಸರಿಗೆ ಮದ್ದೆಂಬ ಪ್ರಚಾರ ದಟ್ಟವಾಗಿರುವ ಈ ದಿನಗಳಲ್ಲಿ ಅವರ ಬದುಕನ್ನು ನೆನೆಯುವುದು ಅಗತ್ಯವೆಂದು ನನಗೆ ತೋರುತ್ತದೆ.

1893ರ ಸೆಪ್ಟೆಂಬರ್ 16ರಂದು ಬುಡಾಪೆಸ್ಟ್‌ನಲ್ಲಿ ಜನಿಸಿದ ಅವರು ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಮೊದಲ ಮಹಾಯುದ್ಧದ ರಣರಂಗಕ್ಕೆ ಹೋಗಬೇಕಾಯಿತು. ಅರ್ಥಹೀನ ನರಮೇಧದಿಂದ ರೋಸಿ, ತಮ್ಮ ತೋಳಿಗೆ ತಾವೇ ಗುಂಡು ಹಾರಿಸಿಕೊಂಡು ಹಿಂದಿರುಗಿದರು. 1917ರಲ್ಲಿ ಪದವಿ ಪಡೆದರು. ಮುಂದೆ ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಸಸ್ಯಗಳೊಳಗಿನ ಉತ್ಕರ್ಷಣ ಕ್ರಿಯೆಯನ್ನು ಅಭ್ಯಸಿಸಿದರು. ಗಾಯಗೊಂಡ ಕಾಯಿ, ಹಣ್ಣುಗಳಲ್ಲಿ ಪಾಲಿಫಿನಾಲ್ ಎಂಬ ರಾಸಾಯನಿಕಗಳು ಆಮ್ಲಜನಕದೊಡನೆ ಸೇರಿ ಕಂದುಬಣ್ಣ ತಾಳುತ್ತವೆ. ನಿಂಬೆಯ ಜಾತಿಯ ಹಣ್ಣುಗಳಲ್ಲಿ ಇದನ್ನು ತಡೆಯುವ ಪದಾರ್ಥವೊಂದಿದೆ. ಅದು ಸಿ ಜೀವಸತ್ವವೇ ಎಂಬುದು ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಸ್ವಿರ್ಬೆಲಿಯೊಡನೆ ನಡೆಸಿದ ಪ್ರಯೋಗಗಳಿಂದ 1932ರಲ್ಲಿ ಸ್ಥಿರಪಟ್ಟಿತು. ಆ ಊರಿನ ಹೆಸರುವಾಸಿ ಪ್ಯಾಪ್ರಿಕಾ ಮೆಣಸಿನಕಾಯಿಯಿಂದ ಅದನ್ನು ಹೇರಳವಾಗಿ ತೆಗೆದರು. 1937ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಆದರೆ ನನ್ನ ಗಮನ ಅದಕ್ಕೆ ಒಂದು ವರ್ಷ ಹಿಂದಿನ ಪ್ರಕರಣದ ಮೇಲಿದೆ. ಸೂಕ್ಷ್ಮ ರಕ್ತನಾಳಗಳು ಶಿಥಿಲಗೊಂಡು ಚರ್ಮದಡಿ ರಕ್ತ ಜಿನುಗುವ ಕೆಲವು ರೋಗಿಗಳಿಗೆ ಶುದ್ಧ ಸಿ ಜೀವಸತ್ವದಿಂದ ಪ್ರಯೋಜನವಾಗಲಿಲ್ಲ. ನಿಂಬೆ ಮತ್ತು ಪ್ಯಾಪ್ರಿಕಾಗಳ ಸಾರದಿಂದ ಗುಣ ಕಂಡಿತು. ಆ ಸಾರದಲ್ಲಿದ್ದ ಫ್ಲೇವನಾಯ್ಡ್‌ಗಳೆಂಬ ಪಾಲಿಫಿನಾಲ್‌ಗಳೇ ಕಾರಣವೆಂದು ಊಹಿಸಿ, ವೈದ್ಯ ಇಸ್ತ್ವಾನ್ ರುಸ್ನ್ಯಾಕ್ ಮೊದಲಾದವರೊಡನೆ ಅವರು 1936ರಲ್ಲಿ ಅದಕ್ಕೆ ‘ಪಿ’ ಜೀವಸತ್ವವೆಂದು ಹೆಸರಿಟ್ಟರು. ಪರ್ಮಿಯಬಿಲಿಟಿ, ಅಂದರೆ ಪೊರೆಯೊಂದು ವಸ್ತುಗಳನ್ನು ದಾಟಗೊಡುವ ಗುಣ, ಎಂಬ ಪದದ ಮೊದಲ ಅಕ್ಷರ ಅದು. ಮುಂದಿನ ಪರೀಕ್ಷೆಗಳಲ್ಲಿ ಇವುಗಳ ಕೊರತೆಯಿಂದಲೇ ರೋಗ ಬರುತ್ತದೆಂಬುದು ಸಾಬೀತಾಗಲಿಲ್ಲ. 1950ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಆ ಹೆಸರನ್ನು ಕೈಬಿಡುವಂತೆ ಶಿಫಾರಸು ಮಾಡಿತು. ಹೆಸರಿಟ್ಟವರು ನೊಬೆಲ್ ಪುರಸ್ಕೃತರೆಂಬ ಕಾರಣಕ್ಕೆ ಅದು ಉಳಿಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸೆಂಟ್ ಜ್ಯೋರ್ಜಿ ನಾಜಿಗಳ ವಿರುದ್ಧ ನಿಂತು, ಗೆಸ್ಟಪೊ ಕೈಗೆ ಸಿಗದಂತೆ ತಲೆಮರೆಸಿಕೊಂಡು ಬದುಕಿದರು. 1947ರಲ್ಲಿ ಅಮೆರಿಕಕ್ಕೆ ಹೋಗಿ ವುಡ್ಸ್ ಹೋಲ್‌ನಲ್ಲಿ ನೆಲೆಸಿದರು. 1960ರ ದಶಕದಲ್ಲಿ ಪತ್ನಿ ಮಾರ್ತಾ ಹಾಗೂ ಮಗಳು ನೆಲ್ಲಿ ಇಬ್ಬರನ್ನೂ ಕ್ಯಾನ್ಸರ್ ಬಲಿತೆಗೆದುಕೊಂಡಿತು. ಇಳಿವಯಸ್ಸಿನ ದುಡಿಮೆಯನ್ನೆಲ್ಲ ಅವರು ಆ ರೋಗದ ಮೂಲ ಹುಡುಕಲು ಮೀಸಲಿಟ್ಟರು. ಪ್ರೋಟೀನುಗಳೊಳಗಿನ ಎಲೆಕ್ಟ್ರಾನುಗಳ ಚಲನೆಯಲ್ಲಿ ರಹಸ್ಯ ಅಡಗಿದೆಯೆಂಬುದು ಅವರ ನಂಬಿಕೆ. ಅದರಿಂದ ಚಿಕಿತ್ಸೆಯೇನೂ ಕೈಗೂಡಲಿಲ್ಲ. 1986ರ ಅಕ್ಟೋಬರ್ 22ರಂದು, 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅದಕ್ಕೆ ಹತ್ತು ವರ್ಷ ಮೊದಲು, 1976ರಲ್ಲಿ, ಔಷಧಿಗೆ ಬಗ್ಗದ ಜೀವಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನನ್ನು ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಗುರುತಿಸಿದರು. ಅದರ ಹೆಸರು ಪಿ-ಗ್ಲೈಕೊಪ್ರೋಟೀನ್; ಇಲ್ಲಿಯೂ ‘ಪಿ’ ಎಂದರೆ ಪರ್ಮಿಯಬಿಲಿಟಿ! ಒಳಬಂದ ಔಷಧಿಯನ್ನು ಪಂಪಿನಂತೆ ಹೊರದೂಡುವ ಈ ಪ್ರೋಟೀನು ಹೆಚ್ಚಿದಾಗ, ಕ್ಯಾನ್ಸರ್ ಕೋಶಗಳು ಹಲವು ಔಷಧಿಗಳಿಗೆ ಒಟ್ಟಿಗೇ ಪ್ರತಿರೋಧ ತೋರುತ್ತವೆ.

ಈ ಪಂಪನ್ನು ತಡೆಯಲು ಹೊರಟ ಸಂಶೋಧಕರು ಮತ್ತೆ ಸಸ್ಯಗಳತ್ತ ತಿರುಗಿದರು. ಈರುಳ್ಳಿಯ ಕ್ವೆರ್ಸೆಟಿನ್, ಅರಿಸಿನದ ಕರ್ಕ್ಯುಮಿನ್, ಹಸಿರು ಚಹಾದ ಕೆಟೆಚಿನ್‌ಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಪಂಪಿನ ಕೆಲಸವನ್ನು ಕುಂಠಿತಗೊಳಿಸಿವೆ. ಇದು ನಿಜವಾದ, ಬೆಲೆಯುಳ್ಳ ಸುಳಿವು. ಆದರೆ ನಾವು ತಿಂದ ಪಾಲಿಫಿನಾಲ್‌ನ ಬಹುಭಾಗವನ್ನು ಕರುಳು ಮತ್ತು ಯಕೃತ್ತುಗಳು ಬೇಗನೆ ರೂಪಾಂತರಿಸಿಬಿಡುತ್ತವೆ. ತಟ್ಟೆಯಲ್ಲಿ ಬಳಸಿದಷ್ಟು ಪ್ರಮಾಣ ರಕ್ತಕ್ಕೆ ತಲುಪುವುದು ದುರ್ಲಭ. ಇದೇ ಪಂಪು ನಮ್ಮ ಕರುಳು, ಮಿದುಳಿನ ರಕ್ತನಾಳಗಳಲ್ಲೂ ಇದ್ದು ವಿಷಗಳಿಂದ ಕಾಪಾಡುತ್ತದೆ. ಅದನ್ನು ತಡೆಯುವುದು ನಿರಪಾಯವಲ್ಲ.

ಕೆಲವೊಮ್ಮೆ ಪರಿಣಾಮ ತಿರುವುಮುರುವಾಗುವುದೂ ಉಂಟು. ಹಸಿರು ಚಹಾದ ಮುಖ್ಯ ಪಾಲಿಫಿನಾಲ್, ಮೈಲೋಮಾ ಎಂಬ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್ ಔಷಧಿಗೇ ಅಂಟಿಕೊಂಡು ಅದನ್ನು ನಿಷ್ಫಲಗೊಳಿಸುತ್ತದೆಂದು 2009ರಲ್ಲಿ ಕೋಶಗಳ ಹಾಗೂ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ನೆಂಟರಿಷ್ಟರು ಅಕ್ಕರೆಯಿಂದ ತಂದುಕೊಟ್ಟ ಡಬ್ಬಿಯೇ ರೋಗಿಯ ಚಿಕಿತ್ಸೆಗೆ ಅಡ್ಡಬರಬಹುದೆಂಬ ಆತಂಕ ಹುಟ್ಟಿದ್ದು ಇಂತಹ ಫಲಿತಾಂಶಗಳಿಂದ.

ಸಾರಿಗೆ ಹಾಕುವ ಅರಿಸಿನವನ್ನಾಗಲೀ ದಿನನಿತ್ಯದ ಹಣ್ಣು, ತರಕಾರಿಗಳನ್ನಾಗಲೀ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಔಷಧಿಯ ಪ್ರಮಾಣದಲ್ಲಿ ಮಾರುವ ಸಾರ, ಮಾತ್ರೆಗಳನ್ನು ಔಷಧಿಯಷ್ಟೇ ಕಟ್ಟುನಿಟ್ಟಾಗಿ ಮನುಷ್ಯರಲ್ಲಿ ಪರೀಕ್ಷಿಸಬೇಕು. ಕ್ಯಾನ್ಸರ್ ರೋಗಿಗಳು ಅವನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಸೆಂಟ್ ಜ್ಯೋರ್ಜಿಯವರ ಸಿ ಜೀವಸತ್ವ ಪರೀಕ್ಷೆಯಲ್ಲಿ ಗೆದ್ದು ಉಳಿಯಿತು, ಪಿ ಜೀವಸತ್ವ ಸೋತು ಅಳಿಯಿತು. ಅಂತಹ ಮೇಧಾವಿಯ ಮಾತಿಗೇ ಸಿಗದ ವಿನಾಯಿತಿಯನ್ನು ಡಬ್ಬಿಯ ಮೇಲಿನ ಒಕ್ಕಣೆಗೆ ನಾವು ಕೊಡಬೇಕಾದ ಕಾರಣ ನನಗೆ ಕಾಣುವುದಿಲ್ಲ.